ಪದರವೂ ಬೇಕು, ತಿರುವೂ ಬೇಕು

ಒಂದು ವಸ್ತುವಿಗೆ ಎರಡು ಆಸೆ ಉಂಟು ಎಂದಿಟ್ಟುಕೊಳ್ಳಿ. ಎರಡೂ ಅದರ ಹುಟ್ಟುಗುಣ. ಆದರೆ ಒಂದನ್ನು ಪೂರ್ತಿ ಈಡೇರಿಸಹೊರಟರೆ ಇನ್ನೊಂದು ಕೆಡುತ್ತದೆ. ಆಗ ಅದು ಏನು ಮಾಡುತ್ತದೆ? ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದಾ, ಇಲ್ಲ ಮಧ್ಯದಲ್ಲಿ ಎಲ್ಲೋ ಅರೆಬರೆಯಾಗಿ ನಿಲ್ಲುತ್ತದಾ? ಇವೆರಡೂ ಅಲ್ಲದ ಮೂರನೇ ದಾರಿಯೊಂದುಂಟು. ನಾನು ಭೌತಶಾಸ್ತ್ರದಲ್ಲಿ ಓದಿದ ಅತಿ ಚಂದದ ಸಂಗತಿಗಳಲ್ಲಿ ಅದೂ ಒಂದು. ಪದರಗಟ್ಟುವ ಲಿಕ್ವಿಡ್ ಕ್ರಿಸ್ಟಲ್‌ಗಳಲ್ಲಿ ಅದು ನಡೆಯುತ್ತದೆ. ಅದರ ಬಗ್ಗೆಯೇ ಇವತ್ತು ಬರೆಯಬೇಕು ಅನ್ನಿಸಿತು.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಪ್ಲಸ್ ಟು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ಕೆಲಸ. ನೀರ್ಚಾಲು, ಪೆರ್ಲ, ಕುಂಬಳೆ ಕಡೆಯಿಂದ ಬರುವ ಮಕ್ಕಳಲ್ಲಿ ತುಂಬಾ ಜನ ಹತ್ತನೇ ತನಕ ಕನ್ನಡದಲ್ಲೇ ವಿಜ್ಞಾನ ಓದಿದವರು. ಅವರು ಪ್ರಶ್ನೆ ಕೇಳುವುದೂ ಕನ್ನಡದಲ್ಲೇ, ಒಳ್ಳೆಯ ಪ್ರಶ್ನೆಗಳು ಬರುವುದೂ ಆವಾಗಲೇ. ಟಿವಿ, ಮೊಬೈಲ್ ಪರದೆಯ ಆಚೆಗೆ ಈ ವಸ್ತುಗಳಲ್ಲಿ ಏನೆಲ್ಲ ಉಂಟು ಎಂದು ಅವರಿಗೆ ಓದಲು ಕೊಡೋಣ ಎಂದರೆ ಕೈಗೆ ಸಿಗುವುದು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲಿಕ್ವಿಡ್ ಕ್ರಿಸ್ಟಲ್, ಅಂದರೆ ದ್ರವಸ್ಫಟಿಕ. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದರು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿತು, ಆದರೆ ತಿಳಿಯಾಗಲಿಲ್ಲ, ಮಬ್ಬಾಗಿಯೇ ಇತ್ತು. 178.5 ಡಿಗ್ರಿಗೆ ಹೋದಾಗ ಒಮ್ಮೆಲೇ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ನಡುವಿನ ಆ ಮಬ್ಬು ದ್ರವ ಹರಿಯುತ್ತದೆ, ಆದರೆ ಅದರೊಳಗಿನ ಅಣುಗಳು ಹರಳಿನಲ್ಲಿರುವ ಹಾಗೆ ಒಂದು ಶಿಸ್ತಿನಲ್ಲಿರುತ್ತವೆ. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಇವುಗಳನ್ನು ನೆಮ್ಯಾಟಿಕ್, ಸ್ಮೆಕ್ಟಿಕ್, ಕೊಲೆಸ್ಟೆರಿಕ್ ಎಂದು ವಿಂಗಡಿಸಿದರು. ಈಗಲೂ ಅವೇ ಹೆಸರು.

ಹಿಡಿಸೂಡಿಯ ಕಡ್ಡಿಗಳನ್ನು ಬೆರಳುದ್ದ ತುಂಡು ಮಾಡಿ ಮೇಜಿನ ಮೇಲೆ ಹರಡಿ. ಒಂದೊಂದು ತುಂಡೂ ಒಂದೊಂದು ಅಣು. ಎಲ್ಲ ಕಡ್ಡಿಗಳು ಸುಮಾರಾಗಿ ಒಂದೇ ದಿಕ್ಕಿಗೆ ಮುಖ ಮಾಡಿವೆ, ಆದರೆ ಎಲ್ಲಿ ಬೇಕಾದರೂ ಇರಬಹುದು ಎಂದರೆ ಅದು ನೆಮ್ಯಾಟಿಕ್. ಅವೇ ಕಡ್ಡಿಗಳು ಒತ್ತೊತ್ತಾಗಿ ನೆಟ್ಟಗೆ ನಿಂತು ಒಂದು ಪದರವಾಗಿ, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಎಂದು ಕೂತರೆ ಅದು ಸ್ಮೆಕ್ಟಿಕ್. ಪದರದ ಒಳಗೆ ಕಡ್ಡಿಗಳು ಆಚೀಚೆ ಜಾರಬಹುದು, ಪದರ ಬಿಟ್ಟು ಪದರಕ್ಕೆ ಸುಲಭವಾಗಿ ಹೋಗುವುದಿಲ್ಲ. ಕಡ್ಡಿಗಳು ಪದರಕ್ಕೆ ನೇರ ಲಂಬವಾಗಿ ನಿಂತಿದ್ದರೆ ಸ್ಮೆಕ್ಟಿಕ್ ಎ, ವಾಲಿ ನಿಂತಿದ್ದರೆ ಸ್ಮೆಕ್ಟಿಕ್ ಸಿ. ಇಷ್ಟು ಸಾಕು.

ಇನ್ನು ಕೈರಾಲಿಟಿ. ಮಳೆಗಾಲದಲ್ಲಿ ನಮ್ಮ ಕಡೆ ಮನೆ ಹಿಂದೆ ಅಲಸಂಡೆ ಬಳ್ಳಿ ಹತ್ತಲಿಕ್ಕೆ ಹಗ್ಗ ಕಟ್ಟುತ್ತಾರಲ್ಲ, ಹತ್ತಿರ ಹೋಗಿ ನೋಡಿ. ಎಲ್ಲ ಬಳ್ಳಿಗಳೂ ಒಂದೇ ಕಡೆಗೆ ಸುತ್ತಿರುತ್ತವೆ. ಬಿಡಿಸಿ ಎದುರು ದಿಕ್ಕಿಗೆ ಸುತ್ತಿಟ್ಟರೂ ಹೊಸ ಕುಡಿ ಮತ್ತೆ ತನ್ನ ದಿಕ್ಕನ್ನೇ ಹಿಡಿಯುತ್ತದೆ. ಎಷ್ಟೋ ಅಣುಗಳಿಗೂ ಹೀಗೆ ಎಡ ಬಲ ಎಂಬ ಭೇದ ಉಂಟು. ಕನ್ನಡಿಯೊಳಗಿನ ರೂಪ ಅದರದ್ದೇ ಆಗಿರುವುದಿಲ್ಲ, ಹೇಗೆ ತಿರುಗಿಸಿ ಇಟ್ಟರೂ ಒಂದರ ಮೇಲೊಂದು ಕೂರುವುದಿಲ್ಲ. ಈ ಗುಣಕ್ಕೇ ಕೈರಾಲಿಟಿ ಎಂದು ಹೆಸರು, ಅದಿರುವ ಅಣು ಕೈರಲ್. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಎಡದ್ದು ಬಲದ್ದು ಎಂದು ಕೈಯಲ್ಲೇ ಹೆಕ್ಕಿ ಬೇರೆ ಮಾಡಿದ್ದು ಈ ಕಥೆಯ ಶುರು.

ಇಂಥ ಅಣುಗಳು ಒಂದರ ಪಕ್ಕ ಒಂದು ಬಂದಾಗ ಪೂರ್ತಿ ಸಮಾನಾಂತರವಾಗಿ ನಿಲ್ಲಲು ಒಪ್ಪುವುದಿಲ್ಲ. ಪಕ್ಕದವನಿಗಿಂತ ಒಂದು ಚೂರು ತಿರುಗಿ ನಿಲ್ಲುತ್ತವೆ, ಅದೂ ಪ್ರತಿ ಸಲ ಒಂದೇ ಕಡೆಗೆ. ಎಷ್ಟು ಚೂರು? ಒಂದು ಪೂರ್ತಿ ಸುತ್ತಿಗೆ 300 ನ್ಯಾನೋಮೀಟರ್ ಬೇಕು, ಅಣುವಿನ ದಪ್ಪ ಅರ್ಧ ನ್ಯಾನೋಮೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ 600 ಹೆಜ್ಜೆ, ಹೆಜ್ಜೆಗೆ 0.6 ಡಿಗ್ರಿ. ಕಣ್ಣಿಗೆ ತೋರಿಸಿದರೂ ಗೊತ್ತಾಗದಷ್ಟು ಸಣ್ಣ ಓರೆ. ಅದೇ ಸೇರಿ ಸೇರಿ ಬೆಳಕಿನ ಅಲೆಯುದ್ದದಷ್ಟು ದೊಡ್ಡ ಸುರುಳಿಯಾಗುತ್ತದೆ. ಇದು ಕೊಲೆಸ್ಟೆರಿಕ್. ಸುರುಳಿಯ ಉದ್ದಕ್ಕೆ ತಕ್ಕ ಬಣ್ಣದ ಬೆಳಕು ಅದರಿಂದ ಹಿಂದಕ್ಕೆ ಬರುತ್ತದೆ, ಉಳಿದದ್ದು ದಾಟಿ ಹೋಗುತ್ತದೆ. ಹಣೆಗೆ ಅಂಟಿಸಿ ಜ್ವರ ನೋಡುವ ಪ್ಲಾಸ್ಟಿಕ್ ಪಟ್ಟಿ ಕೆಲಸ ಮಾಡುವುದು ಇದರಿಂದಲೇ. ನೆಮ್ಯಾಟಿಕ್ ತುಂಬಿದ ಹಳೇ ಕ್ಯಾಲ್ಕ್ಯುಲೇಟರ್ ಪರದೆಗೂ ಒಂದಿಷ್ಟು ಕೈರಲ್ ವಸ್ತು ಬೆರೆಸುತ್ತಾರೆ, ತಿರುವು ಎಲ್ಲ ಕಡೆ ಒಂದೇ ದಿಕ್ಕಿಗೆ ಇರಲಿ ಎಂದು.

ಈಗ ಇಕ್ಕಟ್ಟು. ಅಣು ಕೈರಲ್ ಕೂಡ ಹೌದು, ಪದರಗಟ್ಟುವ ಗುಣವೂ ಉಂಟು. ಎಂತ ಮಾಡುವುದು?

ಕಾಗದ ಪೆನ್ನು ಇಲ್ಲದೆಯೂ ಈ ಇಕ್ಕಟ್ಟನ್ನು ಅರ್ಥ ಮಾಡಿಕೊಳ್ಳಬಹುದು. ಸ್ಮೆಕ್ಟಿಕ್ ಎ ಯಲ್ಲಿ ಕಡ್ಡಿ ಯಾವಾಗಲೂ ಪದರಕ್ಕೆ ಲಂಬ. ಹಾಗಾಗಿ ಕಡ್ಡಿ ತಿರುಗಿದರೆ ಪದರವೂ ಅದರ ಜೊತೆ ವಾಲಲೇಬೇಕು. ನೀವು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿದ್ದೀರಿ, ಹೋದ ಹಾಗೆ ಪದರ ಉತ್ತರದ ಕಡೆಗೆ ಏರುತ್ತಾ ವಾಲುತ್ತಿದೆ ಅಂದುಕೊಳ್ಳಿ. ಪಶ್ಚಿಮ ತುದಿಯಲ್ಲಿ ಪದರ ಸಪಾಟು. ಪೂರ್ವ ತುದಿಯಲ್ಲಿ ಓರೆ. ಈಗ ಒಂದು ಇರುವೆ ಒಂದು ಪದರವನ್ನು ಬಿಡದೆ ಅದರ ಮೇಲೇ ನಡೆಯಲಿ. ಪಶ್ಚಿಮದಲ್ಲಿ ದಕ್ಷಿಣದಿಂದ ಉತ್ತರಕ್ಕೆ ನಡೆಯಿತು, ಏರಿಲ್ಲ ಇಳಿದಿಲ್ಲ. ಅಲ್ಲಿಂದ ಪೂರ್ವಕ್ಕೆ ದಾಟಿತು. ಅಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬಂತು, ಈ ಸಲ ಓರೆಯಲ್ಲಿ ಇಳಿದುಕೊಂಡು ಬಂತು. ಮತ್ತೆ ಪಶ್ಚಿಮಕ್ಕೆ ದಾಟಿ ಹೊರಟ ಜಾಗಕ್ಕೆ ಬಂದು ನೋಡಿದರೆ ಅದು ಹೊರಟ ಪದರದಲ್ಲಿ ಇಲ್ಲ, ಕೆಳಗಿದೆ! ಪದರ ಬಿಟ್ಟು ಇಳಿಯಲೇ ಇಲ್ಲ, ಆದರೂ ಕೆಳಗಿನ ಪದರಕ್ಕೆ ತಲುಪಿತು. ಹರಿಯದ, ಮುರಿಯದ, ಸರಿಯಾದ ಪದರಗಳಲ್ಲಿ ಹೀಗಾಗಲು ಸಾಧ್ಯವೇ ಇಲ್ಲ, ಅಲ್ವಾ? ಅಂದರೆ ಪದರಗಳು ಅಚ್ಚುಕಟ್ಟಾಗಿ ಇರುವಷ್ಟು ಕಾಲ ತಿರುವಿಗೆ ಜಾಗವೇ ಇಲ್ಲ. ಇದು ಬರೀ ಜ್ಯಾಮಿತಿ. ಯಾವ ಅಣು, ಯಾವ ರಾಸಾಯನಿಕ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಇರುವೆಯ ನಡಿಗೆಯನ್ನು ನೆನಪಿನಲ್ಲಿಡಿ. ಮುಂದೆ ಬೇಕು.

ಪದರ ಬಂದು ತಿರುವನ್ನು ಹೊರಗೆ ದಬ್ಬುವುದನ್ನು ಕಣ್ಣಾರೆ ನೋಡಬಹುದು. ಕೊಲೆಸ್ಟೆರಿಲ್ ನೋನಾನೋಯೇಟ್ ಎಂಬ ಬಿಳಿ ಪುಡಿ ಉಂಟು. ಗಾಜಿನ ಪಟ್ಟಿಯ ಹಿಂದೆ ಕಪ್ಪು ಬಳಿದು, ಮೇಲೆ ಒಂದು ಚಿಟಿಕೆ ಪುಡಿ ಹಾಕಿ, ಇನ್ನೊಂದು ತೆಳು ಗಾಜು ಮುಚ್ಚಿ ಬಿಸಿ ಮಾಡಿದರೆ 90 ಡಿಗ್ರಿ ದಾಟಿದ ಮೇಲೆ ತಿಳಿ ದ್ರವವಾಗುತ್ತದೆ. ಆಮೇಲೆ ಒಲೆಯಿಂದ ಇಳಿಸಿ ತಣಿಯಲು ಬಿಡಬೇಕು. ಮೇಲಿನ ಗಾಜನ್ನು ಮೆಲ್ಲ ಒತ್ತಿ ಸರಿಸಿದರೆ ನೇರಳೆ, ನೀಲಿ ಬಣ್ಣ ಏಳುತ್ತದೆ. ತಣಿದ ಹಾಗೆ ನೀಲಿ ಹಸಿರಾಗುತ್ತದೆ, ಹಸಿರು ಹಳದಿಯಾಗುತ್ತದೆ, ಹಳದಿ ಕೆಂಪಾಗುತ್ತದೆ. ಕೊನೆಕೊನೆಗೆ ಬಣ್ಣಗಳು ಅವಸರದಲ್ಲಿ ಓಡುತ್ತವೆ, ಅಂಚಿನಿಂದ ಒಳಗೆ. 75 ಡಿಗ್ರಿ ಹತ್ತಿರ ಬಂದಾಗ ಕೆಂಪೂ ಮಾಯ, ಗಾಜಿನ ಮೇಲೆ ಬಣ್ಣವೇ ಇಲ್ಲ. ಮಕ್ಕಳು ತಲೆ ತಲೆ ತಾಗಿಸಿಕೊಂಡು ಬಗ್ಗಿ ನೋಡುತ್ತಾರೆ, ಕೆಂಪು ಹೋದ ಕೂಡಲೇ ‘ಅದೆಲ್ಲಿ ಹೋಯ್ತು ಸರ್’ ಅನ್ನುತ್ತಾರೆ. ಪದರ ಕಟ್ಟುವ ಕಾಲ ಹತ್ತಿರವಾದ ಹಾಗೆ ಅಲ್ಲಲ್ಲಿ ಸಣ್ಣ ಸಣ್ಣ ಪದರದ ತುಣುಕುಗಳು ಹುಟ್ಟಿ ಮಾಯವಾಗುತ್ತಿರುತ್ತವೆ. ಒಂದೊಂದು ತುಣುಕೂ ತನ್ನ ಜಾಗದಲ್ಲಿ ತಿರುವನ್ನು ತಡೆಯುತ್ತದೆ. ಸುರುಳಿ ಬಿಚ್ಚಿಕೊಳ್ಳುತ್ತಾ ಉದ್ದವಾಗುತ್ತದೆ, ಬಣ್ಣ ಕೆಂಪಿನ ಕಡೆಗೆ ಹೋಗುತ್ತದೆ. ಪದರಗಳು ಗಟ್ಟಿಯಾದ ಕ್ಷಣ ಸುರುಳಿ ಪೂರ್ತಿ ಬಿಚ್ಚಿ ಹೋಗುತ್ತದೆ. ಬಣ್ಣ ಹೋದದ್ದು ಹಾಗೆ.

ಇಲ್ಲಿ ಪದರ ಗೆದ್ದಿತು, ತಿರುವು ಸೋತಿತು. 1972ರಲ್ಲಿ ಫ್ರಾನ್ಸಿನ ಪಿಯರ್ ಜಿಲ್ ಡಿ ಜೆನ್ನೆಸ್ ಇದನ್ನು ನೋಡಿ ಹೇಳಿದ ಮಾತು ನನಗೆ ಈಗಲೂ ರೋಮಾಂಚನ ತರುತ್ತದೆ. ಇದು ಅತಿವಾಹಕದ ಗಣಿತವೇ, ಸೂಪರ್‌ಕಂಡಕ್ಟರಿನದ್ದೇ, ಅಂದರು. ತುಂಬಾ ತಣಿಸಿದಾಗ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ವಸ್ತು ಅತಿವಾಹಕ. ಅತಿವಾಹಕವನ್ನು ಕಾಂತಕ್ಷೇತ್ರದಲ್ಲಿ ಇಟ್ಟು ತಣಿಸಿದರೆ ಅದು ಕಾಂತಕ್ಷೇತ್ರವನ್ನು ತನ್ನ ಒಡಲಿನಿಂದ ಹೊರಗೆ ದಬ್ಬುತ್ತದೆ. ಸ್ಮೆಕ್ಟಿಕ್ ತಿರುವನ್ನು ಹೊರಗೆ ದಬ್ಬುತ್ತದೆ. ಸಮೀಕರಣಗಳನ್ನು ಪಕ್ಕ ಪಕ್ಕ ಬರೆದರೆ ಕಾಂತಕ್ಷೇತ್ರ ಇರುವ ಜಾಗದಲ್ಲಿ ತಿರುವು ಬರುತ್ತದೆ, ಹೊರಗಿನಿಂದ ಹೇರಿದ ಕ್ಷೇತ್ರದ ಜಾಗದಲ್ಲಿ ಅಣುವಿನ ಕೈರಾಲಿಟಿ ಬರುತ್ತದೆ. ಒಂದು ಕಡೆ ನಿರಪೇಕ್ಷ ಶೂನ್ಯದ (ಮೈನಸ್ 273 ಡಿಗ್ರಿ) ಹತ್ತಿರದ ಚಳಿಯಲ್ಲಿರುವ ಲೋಹದ ಎಲೆಕ್ಟ್ರಾನುಗಳು, ಇನ್ನೊಂದು ಕಡೆ ಒಲೆಯ ಮೇಲಿನ ಗಾಜಿನಲ್ಲಿರುವ ಎಣ್ಣೆಯಂಥ ದ್ರವ. ಡಿ ಜೆನ್ನೆಸ್‌ಗೆ 1991ರಲ್ಲಿ ನೊಬೆಲ್ ಬಂದದ್ದು ಇಂಥ ಹೋಲಿಕೆಗಳನ್ನು ಹುಡುಕಿದ್ದಕ್ಕೇ.

ಆದರೆ ಅತಿವಾಹಕಗಳಲ್ಲಿ ಎರಡು ಜಾತಿ. ಒಂದು ಜಾತಿ ಕೊನೆಯ ತನಕ ಕಾಂತಕ್ಷೇತ್ರವನ್ನು ತಡೆದು, ಆಗದೇ ಹೋದಾಗ ಒಮ್ಮೆಲೇ ಶರಣಾಗುತ್ತದೆ. ಇನ್ನೊಂದು ಜಾತಿ ಕ್ಷೇತ್ರವನ್ನು ಸಣ್ಣ ಸಣ್ಣ ಎಳೆಗಳಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿ ಎಳೆಯ ನಡುವಿನಲ್ಲಿ ಮಾತ್ರ ಅತಿವಾಹಕತೆ ಸತ್ತಿರುತ್ತದೆ, ಸುತ್ತಲೂ ಬದುಕಿರುತ್ತದೆ. ಆ ಎಳೆಗಳು ಸಾಲಾಗಿ, ಜಾಲವಾಗಿ ನಿಲ್ಲುತ್ತವೆ ಎಂದು 1957ರಲ್ಲಿ ಸೋವಿಯತ್ ಭೌತವಿಜ್ಞಾನಿ ಅಬ್ರಿಕೊಸೊವ್ ತೋರಿಸಿದ್ದರು. ಹೋಲಿಕೆ ನಿಜವಾದರೆ ಸ್ಮೆಕ್ಟಿಕ್‌ನಲ್ಲೂ ಈ ಎರಡನೇ ಜಾತಿ ಇರಬೇಕಲ್ಲ? ಕೈರಾಲಿಟಿ ಜೋರಾಗಿದ್ದರೆ ಪದರಗಳು ತಿರುವನ್ನು ಎಳೆ ಎಳೆಯಾಗಿ ಒಳಗೆ ಬಿಟ್ಟುಕೊಳ್ಳಬೇಕಲ್ಲ? 1988ರಲ್ಲಿ ಭೌತವಿಜ್ಞಾನಿಗಳಾದ ರೆನ್ ಮತ್ತು ಲುಬೆನ್ಸ್ಕಿ ಈ ಲೆಕ್ಕವನ್ನು ಪೂರ್ತಿ ಮಾಡಿ, ಅದು ಹೇಗಿರುತ್ತದೆ ಎಂಬುದರ ನಕ್ಷೆಯನ್ನೇ ಬರೆದರು. ಅದೇ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿ ಗುಡ್‌ಬಿ ಮತ್ತು ಸಂಗಡಿಗರ ಕೈಯಲ್ಲಿ ಅಂಥದ್ದೇ ಒಂದು ವಸ್ತು ಇತ್ತು, 1989ರಲ್ಲಿ ಪ್ರಕಟವಾಯಿತು. ಲೆಕ್ಕವೂ ವಸ್ತುವೂ ಹೀಗೆ ಎದುರುಬದುರು ಬಂದು ಕೂಡಿದ್ದು ವಿಜ್ಞಾನದಲ್ಲಿ ಜಾಸ್ತಿ ನಡೆಯುವ ಸಂಗತಿಯಲ್ಲ.

ಆ ರಚನೆಯ ಹೆಸರು ಟ್ವಿಸ್ಟ್ ಗ್ರೇನ್ ಬೌಂಡರಿ, ಚಿಕ್ಕದಾಗಿ ಟಿಜಿಬಿ. ಹತ್ತಿರದಿಂದ ನೋಡೋಣ. ಸ್ಮೆಕ್ಟಿಕ್‌ನ ಒಂದು ಹೋಳು, ಅದರೊಳಗೆ ಪದರಗಳೆಲ್ಲ ಅಚ್ಚುಕಟ್ಟು, ತಿರುವು ಸ್ವಲ್ಪವೂ ಇಲ್ಲ. ಅದರ ಪಕ್ಕ ಇನ್ನೊಂದು ಹೋಳು, ಅದರೊಳಗೂ ಅಚ್ಚುಕಟ್ಟು, ಆದರೆ ಇಡೀ ಹೋಳೇ ಮೊದಲಿನದಕ್ಕಿಂತ ಸ್ವಲ್ಪ ಓರೆ. ಅದರ ಪಕ್ಕದ್ದು ಇನ್ನೂ ಓರೆ. ತಿರುವೆಲ್ಲ ಹೋಳು ಹೋಳಿನ ನಡುವಿನ ಗಡಿಯಲ್ಲಿ. ಆ ಗಡಿಯಲ್ಲಿ ಸಮಾನಾಂತರ ಗೆರೆಗಳಾಗಿ ಒಂದು ಬಗೆಯ ದೋಷಗಳು ನಿಂತಿರುತ್ತವೆ, ಸ್ಕ್ರೂ ಡಿಸ್‌ಲೊಕೇಶನ್ ಎಂದು ಹೆಸರು. ಅಂಥ ಗೆರೆಯ ಸುತ್ತ ಪದರ ಬಿಡದೆ ಒಂದು ಸುತ್ತು ಬಂದರೆ ಸರಿಯಾಗಿ ಒಂದು ಪದರ ಮೇಲೆ ಅಥವಾ ಕೆಳಗೆ ಇರುತ್ತೀರಿ. ನಮ್ಮ ಇರುವೆಗೆ ಆದದ್ದು ಇದೇ! ಅದರ ನಡಿಗೆ ಕೂಡಿ ಬರಬೇಕಾದರೆ ನಡುವೆ ಹೀಗೊಂದು ಗೆರೆ ಇರಲೇಬೇಕು. ದೋಷ ಎಂದು ಹೆಸರು ಇಟ್ಟದ್ದೇನೋ ಹೌದು, ಆದರೆ ತಿರುವು ಒಳಗೆ ಬರುವುದು ಅದೇ ಬಾಗಿಲಿನಿಂದ.

ಅಳತೆಗಳೂ ಕೂಡಿ ಬರುತ್ತವೆ. ನಿಜವಾದ ಒಂದು ಟಿಜಿಬಿ ವಸ್ತುವನ್ನು ಗಕ್ಕನೆ ಹೆಪ್ಪುಗಟ್ಟಿಸಿ, ಮುರಿದು, ಮುರಿದ ಮೈಯ ಅಚ್ಚು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ, 1992ರಲ್ಲಿ. ಪದರದ ದಪ್ಪ ಸುಮಾರು 4 ನ್ಯಾನೋಮೀಟರ್. ಗಡಿಯಲ್ಲಿ ದೋಷದ ಗೆರೆಗಳ ನಡುವಿನ ಅಂತರ ಸುಮಾರು 15. ಹೋಳಿನ ಅಗಲ ಸುಮಾರು 24. ಹೋಳಿನಿಂದ ಹೋಳಿಗೆ ತಿರುಗುವುದು ಸುಮಾರು 17 ಡಿಗ್ರಿ. ಈಗ ಇರುವೆಯನ್ನು ಮತ್ತೆ ಕರೆಯಿರಿ. 15 ನ್ಯಾನೋಮೀಟರ್ ದೂರವನ್ನು 17 ಡಿಗ್ರಿ ಓರೆಯಲ್ಲಿ ನಡೆದರೆ ಎಷ್ಟು ಇಳಿಯುತ್ತದೆ? ನಾಲ್ಕು, ನಾಲ್ಕೂವರೆ ನ್ಯಾನೋಮೀಟರ್. ಅಂದರೆ ಹೆಚ್ಚು ಕಡಿಮೆ ಒಂದು ಪದರ. ಅದಕ್ಕೇ 15ಕ್ಕೊಂದು ಗೆರೆ. 17 ಡಿಗ್ರಿಯ ಹಾಗೆ 21 ಹೋಳು ದಾಟಿದರೆ ಪೂರ್ತಿ ಒಂದು ಸುತ್ತು, 21 ಸಲ 24 ಎಂದರೆ 500 ನ್ಯಾನೋಮೀಟರ್ ಆಸುಪಾಸು. ನಮಗೆ ಕಾಣುವ ಹಸಿರು ಬೆಳಕಿನ ಅಲೆಯುದ್ದ ಕೂಡ ಅಷ್ಟೇ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು ಈ ಲೆಕ್ಕಕ್ಕೆ. ಟ್ಯಾನ್ ಎಂತಕ್ಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಉತ್ತರ ಇದು.

ಮೂರನೇ ದಾರಿ ಎಂದದ್ದು ಇದನ್ನೇ. ಪದರ ಸೋಲಲಿಲ್ಲ, ಹೋಳಿನ ಒಳಗೆ ಅದು ಪೂರ್ತಿ ಉಂಟು. ತಿರುವೂ ಸೋಲಲಿಲ್ಲ, ದೂರದಿಂದ ನೋಡಿದರೆ ಸುರುಳಿ ಪೂರ್ತಿ ಉಂಟು. ಎರಡನ್ನೂ ಉಳಿಸಿದ್ದು ದೋಷಗಳು. ಅವು ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಬಿದ್ದದ್ದಲ್ಲ, ಅಳೆದು ಇಟ್ಟ ಹಾಗೆ ಸಾಲಾಗಿವೆ. ದೋಷಗಳನ್ನು ತೆಗೆದರೆ ಈ ರಚನೆಯೇ ಇಲ್ಲ.

ನಮ್ಮ ಹತ್ತಿರದ ಕಥೆಯೂ ಇದರಲ್ಲಿ ಉಂಟು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕದ ಕೆಲಸವನ್ನು ಬೆಳೆಸಿದವರು ಎಸ್. ಚಂದ್ರಶೇಖರ್, ಸಿ. ವಿ. ರಾಮನ್ ಅವರ ಸೋದರಳಿಯ, ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದವರು. ಕಡ್ಡಿಯಂಥ ಅಣು ಮಾತ್ರವಲ್ಲ, ಬಿಲ್ಲೆಯಂಥ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಎಂದು ಅವರು, ಸದಾಶಿವ ಮತ್ತು ಸುರೇಶ್ 1977ರಲ್ಲಿ ತೋರಿಸಿದರು. ಅದೇ ಸಂಸ್ಥೆಯಲ್ಲಿ 1997ರಲ್ಲಿ ಪ್ರಮೋದ್, ಪ್ರತಿಭಾ ಮತ್ತು ಎನ್. ವಿ. ಮಧುಸೂದನ ಟಿಜಿಬಿಯ ಒಂದು ಹೊಸ ರೂಪ ಕಂಡುಹಿಡಿದರು. ಅದರಲ್ಲಿ ಹೋಳುಗಳು ವಾಲಿದ ಅಣುಗಳ ಸ್ಮೆಕ್ಟಿಕ್ ಸಿ, ಮತ್ತು ಗಡಿಗಳು ಸಪಾಟಾಗಿ ಇರದೆ ಎರಡು ದಿಕ್ಕಿನಲ್ಲಿ ಅಲೆಯೆದ್ದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಚೌಕಳಿಯಾಗಿ ಕಾಣುತ್ತದೆ. ಪದರ, ತಿರುವು, ವಾಲುವಿಕೆ ಎಂಬ ಮೂರು ಆಸೆಗಳ ಇಕ್ಕಟ್ಟಿಗೆ ಮೂರೂ ದಿಕ್ಕಿನಲ್ಲಿ ನಕ್ಷೆ ಬರೆದ ಉತ್ತರ ಅದು. ಅದು ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೋ ಬೆಂಗಳೂರಿಗೋ ಎಂಎಸ್ಸಿಗೆ ಹೋಗುವ ನಮ್ಮ ಮಕ್ಕಳಿಗೆ ನಾನು ಇದನ್ನು ಮರೆಯದೆ ಹೇಳುತ್ತೇನೆ.

ಪದರವೇ ಇಲ್ಲದಿದ್ದರೂ ಇಕ್ಕಟ್ಟು ಬರಬಹುದು. ತಿರುವು ಒಂದೇ ದಿಕ್ಕಿನಲ್ಲಿ ಸಾಲದು, ಎಲ್ಲ ದಿಕ್ಕಿನಲ್ಲೂ ಬೇಕು ಎಂದಾಗ ಬ್ಲೂ ಫೇಸ್ ಎಂಬ ಸ್ಥಿತಿ ಹುಟ್ಟುತ್ತದೆ. ಅಲ್ಲೂ ದೋಷದ ಗೆರೆಗಳ ಜಾಲವೇ ಆಧಾರ. ಅದು ದೊಡ್ಡ ಕಥೆ, ಬೇರೆಯೇ ಬರೆಯಬೇಕು.

ಇಕ್ಕಟ್ಟಿನಿಂದ ಪಾರಾಗಲು ಇನ್ನೊಂದು ಉಪಾಯ ಅಂಚು. ಎಫ್‌ಡಿ ಎಂಬ ವೈರಸ್ ಉಂಟು, ಬ್ಯಾಕ್ಟೀರಿಯಾಕ್ಕೆ ತಗಲುವಂಥದ್ದು. ಉದ್ದ 880 ನ್ಯಾನೋಮೀಟರ್, ದಪ್ಪ 7 ಮಾತ್ರ, ಎಲ್ಲವೂ ಒಂದೇ ಅಳತೆ, ಎಲ್ಲವೂ ಕೈರಲ್. ಇವನ್ನು ನೀರಿನಲ್ಲಿ ಪಾಲಿಮರ್ ಜೊತೆ ಬೆರೆಸಿದರೆ ಒತ್ತೊತ್ತಾಗಿ ನಿಂತು ಒಂದೇ ಒಂದು ಪದರದ ಬಿಲ್ಲೆಯಾಗುತ್ತವೆ. ಬಿಲ್ಲೆಯ ನಡುವಿನಲ್ಲಿ ಎಲ್ಲ ನೆಟ್ಟಗೆ, ತಿರುವೇ ಇಲ್ಲ. ಅಂಚಿಗೆ ಬಂದ ಹಾಗೆ ಒಂದೊಂದೂ ಓರೆಯಾಗುತ್ತಾ, ಅಂಚಿನಲ್ಲಿ ಪೂರ್ತಿ ವಾಲಿರುತ್ತವೆ. ಹೊರಗೆ ದಬ್ಬಿಸಿಕೊಂಡ ತಿರುವೆಲ್ಲ ಅಂಚಿಗೆ ಬಂದು ನೆಲೆಸಿತು. ಅತಿವಾಹಕದ ಮೇಲ್ಮೈಯಲ್ಲಿ ಕಾಂತಕ್ಷೇತ್ರ ಸ್ವಲ್ಪ ಒಳಗೆ ಬಂದು ಸಾಯುತ್ತದಲ್ಲ, ಅದೇ ಕಥೆ, ಇಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು ಅಷ್ಟೇ. ಈ ವೈರಸ್‌ಗಳ ಕೈರಾಲಿಟಿ ತಣಿದ ಹಾಗೆ ಜಾಸ್ತಿಯಾಗುತ್ತದೆ. ಜಾಸ್ತಿಯಾದರೆ ತಿರುವಿಗೆ ಅಂಚು ಜಾಸ್ತಿ ಬೇಕು, ಆಗ ದುಂಡಗಿನ ಬಿಲ್ಲೆಯೇ ಒಡೆದು ತಿರುಚಿದ ಪಟ್ಟಿಗಳಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಪಟ್ಟಿಗಳು ಬಿಲ್ಲೆಯಾಗುತ್ತವೆ. ಡೋಗಿಕ್ ಅವರ ತಂಡ ಇದನ್ನು 2012ರಲ್ಲಿ ತೋರಿಸಿತು. ದೋಷಗಳ ಸಾಲು ಕಟ್ಟುವ ಬದಲು ಇಲ್ಲಿ ವಸ್ತು ತನ್ನ ಆಕಾರವನ್ನೇ ಬದಲಾಯಿಸಿಕೊಂಡಿತು.

ಕೊನೆಗೆ, ಕೈರಲ್ ಅಲ್ಲದ ಅಣುಗಳದ್ದೊಂದು ಸಂಗತಿ. ನಡುವಿನಲ್ಲಿ ಬಾಗಿದ ಅಣುಗಳಿವೆ, ಎಡ ಬಲ ಭೇದವಿಲ್ಲದವು. ಇವು ಪದರಗಟ್ಟಿ ಒಂದು ಬಗೆಯಲ್ಲಿ ವಾಲಿದಾಗ ಪದರವೇ ಎಡ ಅಥವಾ ಬಲ ಆಗಿಬಿಡುತ್ತದೆ ಎಂದು 1997ರಲ್ಲಿ ಗೊತ್ತಾಯಿತು. ಅಣುವಿನಲ್ಲಿ ಇಲ್ಲದ ಕೈರಾಲಿಟಿ ಜೋಡಣೆಯಲ್ಲಿ ಹುಟ್ಟಿತು! ಇವುಗಳಲ್ಲಿ ಒಂದು ಸ್ಥಿತಿಯಂತೂ ಇನ್ನೂ ವಿಚಿತ್ರ, ಬಿ4 ಎಂದು ಹೆಸರು. ಅಣುವಿನ ಒಂದು ತೋಳು ಪದರದ ಮೇಲರ್ಧದಲ್ಲಿ, ಇನ್ನೊಂದು ತೋಳು ಕೆಳಗಿನ ಅರ್ಧದಲ್ಲಿ. ಮೇಲಿನ ತೋಳುಗಳು ಜೋಡಿಸಿಕೊಳ್ಳಬಯಸುವ ಅಳತೆಗೂ ಕೆಳಗಿನವುಗಳ ಅಳತೆಗೂ ತಾಳ ಕೂಡುವುದಿಲ್ಲ. ಪದರ ಸಪಾಟಾಗಿ ಇರಲಾರದೆ ಒಂದು ದಿಕ್ಕಿಗೆ ಮೇಲಕ್ಕೂ ಇನ್ನೊಂದು ದಿಕ್ಕಿಗೆ ಕೆಳಕ್ಕೂ ಬಾಗುತ್ತದೆ. ಹೀಗೆ ಬಾಗುತ್ತಾ ಬಾಗುತ್ತಾ ಅಗಲವಾಗಿ ಬೆಳೆಯಲು ಆಗುವುದಿಲ್ಲ, ಅಳತೆ ತಪ್ಪುತ್ತದೆ. ಹಾಗಾಗಿ ಕೆಲವೇ ಪದರಗಳ ಕಿರಿದಾದ ಪಟ್ಟಿಯಾಗಿ, ತಿರುಚಿಕೊಂಡು, ಉದ್ದಕ್ಕೆ ಮಾತ್ರ ಬೆಳೆಯುತ್ತದೆ. 2009ರಲ್ಲಿ ಇದರ ಚಿತ್ರ ಬಂದಾಗ ನೋಡಿದವರಿಗೆ ಕಂಡದ್ದು ನೂಲು ನೂಲಾದ ಸುರುಳಿಗಳ ರಾಶಿ. ಒಂದೇ ತೊಟ್ಟಿನಲ್ಲಿ ಎಡಕ್ಕೆ ತಿರುಚಿದ ಸುರುಳಿಗಳ ಪ್ರದೇಶಗಳೂ ಬಲಕ್ಕೆ ತಿರುಚಿದ ಪ್ರದೇಶಗಳೂ ಸಮವಾಗಿ ಇರುತ್ತವೆ. ಯಾವ ಮೂಲೆ ಎಡಕ್ಕೆ, ಯಾವ ಮೂಲೆ ಬಲಕ್ಕೆ ಎಂಬುದು ಸುರುಳಿ ಮೊಳೆಯುವ ಹೊತ್ತಿನ ಆಕಸ್ಮಿಕ. ಒಂದು ಚೂರು ಕೈರಲ್ ವಸ್ತು ಬೆರೆಸಿಟ್ಟರೆ ಆ ಸಮತೂಕ ತಪ್ಪಿ ಒಂದು ಕೈಯ ಸುರುಳಿಗಳೇ ಜಾಸ್ತಿಯಾಗುತ್ತವೆ.